ತೊಳೆದಿಟ್ಟ ಕಲ್ಲುಗಳು

ಕುಂಬಾರವಾಡದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಹೋದ ವರ್ಷ ಹನ್ನೆರಡು ದಿನ ಒಬ್ಬ ಹುಡುಗಿ ಇದ್ದಳು. ಧಾರವಾಡದವಳು, ಕಲ್ಲಿನ ವಯಸ್ಸು ಹುಡುಕುವವಳು. ಬೆಳಗ್ಗೆ ಎರಡು ಚಪಾತಿ ಕಟ್ಟಿಕೊಂಡು ಸುತ್ತಿಗೆ ಹಿಡಿದು ಹೋದರೆ ಸಂಜೆ ಗ್ರಾನೈಟಿನ ತುಂಡು ಹೊತ್ತು ಬರುತ್ತಿದ್ದಳು. ಒಂದೊಂದು ಕಲ್ಲಿಗೂ ಒಂದು ಬಟ್ಟೆಯ ಚೀಲ, ಚೀಲದ ಮೇಲೆ ಅದು ಸಿಕ್ಕ ಜಾಗದ ನಂಬರು.

ಗ್ರಾನೈಟು ಒಂದು ಕಾಲಕ್ಕೆ ಕುದಿಯುವ ರಸವಾಗಿ ಹಳೆಯ ಬಂಡೆಗಳ ನಡುವೆ ನುಗ್ಗಿ, ಆರಿ ಗಟ್ಟಿಯಾದದ್ದಂತೆ. ಅದರೊಳಗೆ ರವೆಗಿಂತ ಸಣ್ಣ ಹರಳುಗಳು. ಹರಳಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತದೆ. ಎಷ್ಟು ಆಗಿದೆ, ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ನನ್ನ ಜೊತೆ ಅಕ್ಕಿ ಆರಿಸುತ್ತ ಅವಳು ಹೇಳಿದ್ದಿದು. ಕೇಳುತ್ತ ಕೂತಿದ್ದ ಪಕ್ಕದ ಮನೆಯ ಅಜ್ಜಿ, "ಆಧಾರ್ ಕಾರ್ಡಿನ್ಯಾಗ ನಾ ನನ್ನ ಮಗಳಕಿಂತ ಸಣ್ಣಾಕಿ. ಮೊದಲ ನಂದು ನೋಡವಾ, ಆಮ್ಯಾಲೆ ಕಲ್ಲಿಂದು" ಎಂದಳು.

ಹೊರಡುವ ಹಿಂದಿನ ದಿನ ಹುಡುಗಿ ಜೋಯಿಡಾಕ್ಕೆ ಹೋಗಿದ್ದಳು. ಚೀಲಗಳಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು. ಹೊಲಸು ಚೀಲ ಹೆಂಗ ಕಳಿಸೂದು ಅಂತ ಸೋಪು ಹಚ್ಚಿ ಒಗೆದೆ. ಕಲ್ಲುಗಳನ್ನೂ ತಿಕ್ಕಿ ಜಗಲಿಯ ಮೇಲೆ ಸಾಲಾಗಿ ಇಟ್ಟೆ.

ಸಂಜೆ ಬಂದವಳು ಚೀಲ ತಿರುವಿ ನೋಡಿದಳು. "ಕಾಕು, ನಂಬರ್ ಎಲ್ಲಿ?"

"ನೀರಿನ್ಯಾಗ ಹೋದ್ವು ಕಾಣಸ್ತದ, ತಂಗಿ."

ಅವಳು ಜಗಲಿಯ ಮೇಲೆ ಕೂತಳು. "ತೊಳದ್ರ ವಯಸ್ಸೇನು ಬದಲಾಗಂಗಿಲ್ಲರಿ. ಎಲ್ಲಿಂದು ಅನ್ನೂದೇ ಗೊತ್ತಿಲ್ಲಂದ್ರ ಆ ವಯಸ್ಸು ತೊಗೊಂಡು ಏನ್ ಮಾಡ್ಲಿ?"

ಮೊಬೈಲಿನ ಫೋಟೋಗಳಿಗೆ ಹಿಡಿದು ನೋಡಿ ಹೆಚ್ಚಿನವನ್ನು ಗುರುತಿಸಿದಳು. ಕೊನೆಗೆ ಒಂದೇ ನಮೂನೆಯ ಎರಡು ಬೂದು ಕಲ್ಲು ಉಳಿದವು. ಒಂದು ಹಳ್ಳದ್ದು, ಒಂದು ಗುಡ್ಡದ್ದು. ಯಾವುದು ಮೊದಲು ನುಗ್ಗಿದ್ದು ಎಂಬುದೇ ಅವಳ ಪ್ರಶ್ನೆ, ಅದಕ್ಕೇ ಬಂದವಳು.

"ಈ ಮೂಲಿ ಮುರದದ್ದು ಹಳ್ಳದ್ದು. ಬಸ್ ಬರ್ಲಾರದ ನಡಕೋತ ಬಂದ ದಿನ ತಂದಿದ್ದಿ. ಹುಳ್ಳಿ ಸಾರು ಮಾಡಿದ್ದೆ," ಎಂದೆ.

"ಸಾರು ಖರೇ ಐತಿ, ಕಾಕು. ಆದ್ರ ನಿಮ್ಮ ನೆನಪನ್ನ ನಾ ಬರೀಲಿಕ್ಕೆ ಬರಂಗಿಲ್ಲ."

ಬೆಳಗ್ಗೆ ಅವಳ ಧಾರವಾಡದ ಬಸ್ಸು ಬಿಟ್ಟು ಇಬ್ಬರೂ ಒಂದೊಂದು ಕಲ್ಲು ಹೊತ್ತು ಹಳ್ಳಕ್ಕೆ ಹೊರಟೆವು. ಬೇಲಿಯಾಚೆಯಿಂದ ಅಜ್ಜಿ, "ಏನ್ರೆ, ತವರಿಗೆ ಬಿಟ್ಟು ಬರಾಕ ಹೊಂಟೀರೇನು?" ಎಂದಳು.

ಬಂಡೆಯಲ್ಲಿ ಸುತ್ತಿಗೆ ಬಿದ್ದ ಜಾಗ ಇನ್ನೂ ಬಿಳಿಯಾಗಿತ್ತು. ನಾನು ಹೇಳಿದ ಕಲ್ಲನ್ನು ಮೊದಲು ಇಟ್ಟು ನೋಡಿದಳು. ಕೂರಲಿಲ್ಲ. ತಿರುಗಿಸಿದರೂ ಕೂರಲಿಲ್ಲ. ಇನ್ನೊಂದು, ಡಬ್ಬಿಗೆ ಮುಚ್ಚಳದಂತೆ ಕೂತಿತು.

ಎರಡಕ್ಕೂ ನಂಬರು ಬರೆದಳು, ಈ ಸಲ ಕಲ್ಲಿನ ಮೇಲೇ, ಎಣ್ಣೆ ಬಣ್ಣದಲ್ಲಿ. ಅದು ಒಣಗುವ ತನಕ ನಾನು ಚೀಲದ ಬಾಯಿ ತೆರೆದು ಹಿಡಿದು ನಿಂತಿದ್ದೆ.