ಮರಳು ಹಾಕಿದ ಐಸು

ಹಿಮನದಿ ಹರಿಯುತ್ತಾ ಬಂಡೆಯನ್ನೇ ಸವೆಸುತ್ತೆ ಅಂದರೆ ದೊಡ್ಡಬಳ್ಳಾಪುರದ ನನ್ನ ಏಳನೇ ಕ್ಲಾಸಿನ ಮಕ್ಕಳು ನಂಬಬೇಕಲ್ಲ! ಐಸ್ ಫ್ಯಾಕ್ಟರಿಗೆ ಹೋಗಿ, "ಡಬ್ಬಕ್ಕೆ ನೀರು ಬಿಡೋ ಮುಂಚೆ ಒಂದು ಬೊಗಸೆ ಮರಳು ಹಾಕಿ ಐಸು ಮಾಡಿಕೊಡಿ" ಅಂದೆ.

ಮಾಲೀಕರಿಗೆ ಸಿಟ್ಟೇ ಬಂತು. "ಏನ್ ಮೇಡಂ, ತಾಲ್ಲೂಕಿನ ಮದುವೆಗಳಿಗೆಲ್ಲ ನಮ್ಮ ಐಸೇ ಹೋಗೋದು. ಮರಳು ಹಾಕಿದ್ರೆ ನನ್ನ ಹೆಸರು ಉಳಿಯುತ್ತಾ?"

"ಬರೀ ಐಸು ಕಲ್ಲಿನ ಮೇಲೆ ಜಾರುತ್ತೆ, ಅಷ್ಟೇ. ತಳದಲ್ಲಿ ಮರಳು ಕಚ್ಚಿಕೊಂಡಿದ್ರೆ ಕಲ್ಲನ್ನೇ ಗೀರುತ್ತೆ."

"ಐಸು ಕಲ್ಲು ಗೀರೋದಾ? ನಮ್ಮ ಬಾಗಿಲಿನ ಕಡಪಾ ಕಲ್ಲಿನ ಮೇಲೇ ತೋರಿಸಿ, ನೋಡೇಬಿಡ್ತೀನಿ!"

ಐಸು ಗಟ್ಟಿಯಾದ ದಿನ ಇಡೀ ಕ್ಲಾಸನ್ನೇ ಕರೆದುಕೊಂಡು ಹೋದೆ. ಕೆಲಸದವರು ಮೊದಲು ಬರೀ ಐಸನ್ನು ಎಳೆದರು. ಕಲ್ಲು ಒದ್ದೆಯಾಯಿತು, ಅಷ್ಟೇ. ಮಾಲೀಕರು ಮೀಸೆಯಲ್ಲೇ ನಕ್ಕರು. ಆಮೇಲೆ ನನ್ನ ಐಸು ಕರಕರ ಸದ್ದು ಮಾಡುತ್ತಾ ಸಾಗಿತು. ನೀರು ಒರೆಸಿ ನೋಡಿದರೆ ಕಪ್ಪು ಕಲ್ಲಿನ ಉದ್ದಕ್ಕೂ ಬೆಳ್ಳನೆಯ ಗೀರುಗಳು! ಮಕ್ಕಳು ಕೂಗಿದ ಕೂಗಿಗೆ ರಸ್ತೆಯಲ್ಲಿ ಬಸ್ಸು ನಿಧಾನವಾಯಿತು. ಅವರಿಗಿಂತ ಜೋರಾಗಿ ಕೂಗಿದವಳು ನಾನೇ.

ಈಗಲೂ ಅಲ್ಲಿ ಯಾರಾದರೂ ಐಸನ್ನು ನೆಲದ ಮೇಲೆ ಎಳೆದರೆ ಮಾಲೀಕರು ಗದರುತ್ತಾರೆ: "ಲೇ, ಎತ್ಕೊಂಡು ಹೋಗೋ! ಮೇಡಂ ಐಸು ಮಾಡ್ಬೇಡ!"