ಎಲೆ ನೋಡದೆ ಆಡಿದ ನೀರುಗಂಟಿ

ಕರೂರಿನ ಹುಲುಗಪ್ಪ ಕಾಲುವೆ ತೂಬಿನ ನೀರುಗಂಟಿ. ಯಾರ ಗದ್ದೆಗೆ ಎಷ್ಟು ನೀರು ಎಂದು ಅವನು ಹೇಳಿದರೆ ಮುಗಿಯಿತು. ದೂರು ಹಿಡಿದು ಸಿರುಗುಪ್ಪದ ನೀರಾವರಿ ಕಚೇರಿಗೆ ಬಸ್ ಹತ್ತಿದವರಿಲ್ಲ. ಆ ನಂಬಿಕೆಯೊಂದೇ ಅವನ ಆಸ್ತಿ.

ಕಾಲುವೆ ಬಂದಾದ ಬೇಸಿಗೆಯಲ್ಲಿ ಬೇವಿನ ಮರದಡಿ ಮೂರೆಲೆ ಇಸ್ಪೀಟು ನಡೆಯುತ್ತದೆ. ಪಣ ಬರೀ ಹುಣಸೆ ಬೀಜ, ಆದರೂ ಜಗಳಕ್ಕೆ ಕೊರತೆಯಿಲ್ಲ. ಹುಲುಗಪ್ಪನ ಪಕ್ಕ ಕೂರುವ ಮರಿಬಸಪ್ಪನಿಗೆ ಚಾಳೀಸು ಬಂದಿದೆ. ಕನ್ನಡಕ ಮುದುಕರಿಗೆ ಎಂಬ ಹಟದಲ್ಲಿ ಎಲೆಗಳನ್ನು ತೋಳುದ್ದ ದೂರ ಹಿಡಿಯುತ್ತಾನೆ. ಅವು ಅವನಿಗಿಂತ ಚೆನ್ನಾಗಿ ಹುಲುಗಪ್ಪನಿಗೆ ಕಾಣುತ್ತವೆ.

"ಮರಿಬಸಣ್ಣ, ಎಲಿ ಒಳಗ ಹಿಡಕೋ."

"ಒಳಗ ಹಿಡಿದ್ರ ನನಗ ಕಾಣಂಗಿಲ್ಲ. ನೀ ಆಕಡಿ ನೋಡಲೇ."

ಆಕಡೆ ನೋಡಿದರೂ ಕಣ್ಣಂಚಿಗೆ ಬೀಳುತ್ತಿದ್ದವು. ಬೇರೆಯವರಾಗಿದ್ದರೆ ಪಕ್ಕದವನ ಎಲೆ ದೊಡ್ಡದಿದ್ದಾಗ ಆಟ ಬಿಟ್ಟು, ಸಣ್ಣದಿದ್ದಾಗ ಪಣ ಏರಿಸುತ್ತಿದ್ದರು. ಹುಲುಗಪ್ಪ ನೀರು ಹಂಚುವವನಂತೆ ಯೋಚಿಸಿದ: ಇನ್ನೊಬ್ಬರದು ನೋಡಿದ ಮೇಲೆ ತನ್ನದು ನೋಡಬಾರದು. ಅಂದಿನಿಂದ ತನ್ನ ಎಲೆಗಳನ್ನು ಬೋರಲಾಗಿಯೇ ಇಟ್ಟು ಆಡಿದ. ದಿನವೂ ಸೋತ, ಮನಸ್ಸು ಹಗುರಾಗಿತ್ತು.

ಒಂದು ಮಧ್ಯಾಹ್ನ ಮರಿಬಸಪ್ಪನ ಕೈಯಲ್ಲಿ ಎರಡು ರಾಜ ಕಂಡವು. ಆಟ ಬಿಟ್ಟರೆ ಕಂಡದ್ದನ್ನು ಬಳಸಿಕೊಂಡಂತಾಗುತ್ತದೆಂದು ಹುಲುಗಪ್ಪ ಸೋಲಲು ಸಿದ್ಧನಾಗಿ ಕೊನೆತನಕ ನಿಂತ. ತಿರುವಿದರೆ ಅವನವು ಮೂರೂ ಏಳು, ಜೋಡಿ ರಾಜನಿಗಿಂತ ದೊಡ್ಡ ಆಟ! ಬೀಜದ ರಾಶಿಯೆಲ್ಲ ಅವನ ಪಾಲಾಯಿತು.

"ನೋಡದ ಆಡ್ಯಾನಂತ!" ಕಾಲುವೆ ಕೊನೆಯ ಗದ್ದೆಯ ಜೋಗಪ್ಪ ಟವೆಲ್ ಕೊಡವಿ ಎದ್ದ. "ಎಲಿಗೆ ಉಗುರಿಲೆ ಗುರ್ತು ಮಾಡ್ಯಾನ. ಇಸ್ಪೀಟಿನ್ಯಾಗ ಹಿಂಗ ಮಾಡಾವ ನೀರಿನ್ಯಾಗ ಬಿಡ್ತಾನೇನು?"

"ಇಲ್ಲಪಾ, ಮರಿಬಸಣ್ಣನ ಎಲಿ ಕಾಣ್ತಿದ್ವು. ಅದಕ್ಕ ನಂದು ನೋಡಲಿಲ್ಲ."

"ಕೇಳಿದ್ರೇನ್ರೋ, ತಾನ ಒಪ್ಪಿಕೊಂಡ!"

ಕಾಲುವೆಗೆ ನೀರು ಬಂದಾಗ ಗದ್ದೆಯವರೆಲ್ಲ ಸೇರಿ ಹುಲುಗಪ್ಪನ ಮೇಲೆ ಕಣ್ಣಿಡಲು ಒಬ್ಬನನ್ನು ನೇಮಿಸಿದರು. ಮೋಸ ಹೋದವನೆಂದು ಮರಿಬಸಪ್ಪನನ್ನೇ. ಅವನು ತೂಬಿನ ಗೋಡೆಯ ಮಾಸಿದ ಅಳತೆ ಗೆರೆಗಳತ್ತ ಬಗ್ಗಿದ, ಕಾಣಲಿಲ್ಲ. ಹಿಂದೆ ಸರಿದ. ಇನ್ನೂ ಸರಿಯೋಣವೆಂದರೆ ಬೆನ್ನಿಗೆ ಜಾಲಿ ಮುಳ್ಳು ಚುಚ್ಚಿತು.

"ಲೇ ಹುಲುಗ," ದನಿ ತಗ್ಗಿಸಿದ, "ನೀರು ಎಲ್ಲೀತನ ಐತಿ?"

"ಮೂರನೇ ಗೆರಿಗೆ, ಅಣ್ಣ. ನೀನೂ ಒಮ್ಮಿ ನೋಡಿ ಖಾತ್ರಿ ಮಾಡ್ಕೋ."

"ನೀ ಹೇಳಿದ್ಯಲ್ಲ, ಸಾಕು."

ಮರಿಬಸಪ್ಪ ದಂಡೆಯ ಮೇಲೆ ಕಾದಿದ್ದವರತ್ತ ತಿರುಗಿ ಕೂಗಿದ: "ಸರಿ ಐತ್ರಪಾ! ನಾನ ಕಣ್ಣಾರೆ ನೋಡೀನಿ!"