ಬದನೆಕಾಯಿ ಗುರುತು, ಕೆಟಲಿ ಗುರುತು

ಶಹಾಬಾದಿನ ನಮ್ಮ ಓಣಿಯಲ್ಲಿ ಈ ಕತೆ ಹೀಗಿದೆ: ಮಾಮನ ವರ್ಕ್‌ಶಾಪಿನಲ್ಲಿ ಸಾಮಾನು ಕಳುವಾಗುತ್ತಿದ್ದವು, ಕಾಲೇಜು ಕಲಿತ ಅಕ್ಕನ ಮಗಳು ಬಂದು ಎಲ್ಲದಕ್ಕೂ ಅಳಿಸಲಾಗದ ಗುರುತು ಹಾಕಿದಳು, ಕಳ್ಳ ಸಿಕ್ಕಿಬಿದ್ದ. ಆ ಅಕ್ಕನ ಮಗಳು ನಾನೇ ಆದ್ದರಿಂದ ಹೇಳುತ್ತೇನೆ, ಏನೂ ಕಳುವಾಗಿರಲಿಲ್ಲ, ಕಳ್ಳನೂ ಇರಲಿಲ್ಲ, ಸಿಕ್ಕಿಬಿದ್ದವರು ಯಾರಾದರೂ ಇದ್ದರೆ ಅದು ನಾವು ಮೂವರೇ. ಗುರುತೊಂದೇ ನಿಜ. ಬೇಕಾದವರು ಇವತ್ತಿಗೂ ಹೋಗಿ ನೋಡಬಹುದು. ಬದನೆಕಾಯಿಯ ಹಾಗೆ ಕಾಣುತ್ತದೆ.

ಮೂವರಲ್ಲಿ ಮೊದಲನೆಯವನು ನನ್ನ ಮಾಮಾ. ರಾವೂರಿನ ಗಣಿಗಳಿಂದ ಬರುವ ಕಲ್ಲು ಕೊಯ್ಯುವ ಮಷೀನು, ಸುತ್ತಲ ಹಳ್ಳಿಗಳ ಟ್ರ್ಯಾಕ್ಟರು, ಇವುಗಳ ರಿಪೇರಿ ಅವನ ಕೆಲಸ. ಎರಡನೆಯವರು ಪಕ್ಕದ ಅಂಗಡಿಯ ಚಾಚಾ. ವಾಡಿ, ಮಳಖೇಡದ ಕಡೆಯಿಂದ ಸಿಮೆಂಟು ಹೊತ್ತು ಬರುವ ಲಾರಿಗಳ ಕಮಾನು ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಬಿಚ್ಚಿ ಕೂಡಿಸುವವರು. ಇಬ್ಬರೂ ವಾಡಿಯಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಕಲಿತು, ಒಂದೇ ಗೋಡೆಗೆ ಬೆನ್ನು ಕೊಟ್ಟು ಎರಡು ಅಂಗಡಿ ತೆರೆದರು. ಆಮೇಲೆ ಆ ಗೋಡೆಯನ್ನೇ ಒಡೆದು ಖಿಡಕಿ ಮಾಡಿಕೊಂಡರು. ಬಾಗಿಲಿಲ್ಲ, ಸರಳಿಲ್ಲ, ಬರೀ ಒಂದು ತೂತು. ಅದರಲ್ಲಿ ಈ ಕಡೆಯಿಂದ ಸುತ್ತಿಗೆ ಹೋಗುತ್ತದೆ, ಆ ಕಡೆಯಿಂದ ಚಹಾ ಬರುತ್ತದೆ. ಮಾಮಾ ಬುತ್ತಿ ಬಿಚ್ಚುವುದೂ ಅಲ್ಲೇ, ಚಾಚಾ ಬೈಯುವುದೂ ಅಲ್ಲಿಂದಲೇ.

ಚಿತ್ತಾಪುರದಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದ ವಾರ ನನಗೆ ಎದುರಾಳಿಗಳ ಕೊರತೆಯಿತ್ತು. ಮಾಮಾ ಅದೇ ಹೊತ್ತಿಗೆ ಟ್ರ್ಯಾಕ್ಟರಿನ ಕೆಳಗಿಂದ ತಲೆ ಹೊರಹಾಕಿ, ಇಕ್ಕಳವೂ ನಟ್ಟು ತಿರುಗಿಸುವ ಸ್ಪ್ಯಾನರೂ ಸಿಗದೆ ಕೂಗಿದ: "ನಿನ್ನಿ ಇಲ್ಲೇ ಇಟ್ಟಿದ್ದೆ. ಪಕ್ಕಡ್ ಇಲ್ಲ, ಸಣ್ಣ ಪಾನಾ ಇಲ್ಲ. ಈ ಅಂಗಡ್ಯಾಗ ನನ್ನ ಬಿಟ್ಟು ಎಲ್ಲಕ್ಕೂ ಕಾಲು ಅವ."

"ಹೆಸರು ಹಾಕ್ಬೇಕು ಮಾಮಾ," ಎಂದೆ.

"ಬಣ್ಣ ಹಚ್ಚಿ ನೋಡೀನವ್ವಾ. ಡೀಸೆಲ್‌ನಾಗ ತೊಳದ್ರ ಹೋತದ."

"ಪಂಚ್ ಹೊಡಿ."

"ಪಾನಾದ ಉಕ್ಕು ಪಂಚ್‌ಗಿಂತ ಗಟ್ಟಿ. ಹೊಡದ್ರ ಜಾರಿ ನನ್ನ ಬೆರಳಿಗೇ ನಿಶಾನಿ ಬೀಳ್ತದ."

ಇದಕ್ಕೆ ಉತ್ತರ ನನ್ನ ಬಳಿ ಸಿದ್ಧವಿತ್ತು. ಪಾನಾಕ್ಕೆ ಉಗುರುಬಣ್ಣ ಬಳಿಯಬೇಕು, ಒಣಗಿದ ಮೇಲೆ ಸೂಜಿಯಿಂದ ಚಿತ್ರ ಕೆರೆಯಬೇಕು. ಟ್ರ್ಯಾಕ್ಟರ್ ಬ್ಯಾಟರಿಯ ಒಂದು ವಾಯರು ಪಾನಾಕ್ಕೆ, ಇನ್ನೊಂದು ಉಪ್ಪುನೀರಿನಲ್ಲಿ ಅದ್ದಿದ ಹತ್ತಿಗೆ. ಹತ್ತಿಯನ್ನು ಕೆರೆದ ಜಾಗದ ಮೇಲೆ ಒತ್ತಿದರೆ ಸುಂಯ್ ಎಂದು ಕರಿ ನೊರೆ ಬರುತ್ತದೆ. ಒರೆಸಿದರೆ ಉಕ್ಕಿನೊಳಗೆ ಚಿತ್ರ ಕೂತಿರುತ್ತದೆ. ಡೀಸೆಲ್ಲಿಗೂ ಹೋಗುವುದಿಲ್ಲ, ಉಜ್ಜಿದರೂ ಹೋಗುವುದಿಲ್ಲ. ನಾನು ತೋರಿಸಿದೆ. ಮಾಮಾ ಮೊದಲ ಬಾರಿಗೆ ನನ್ನ ಓದಿನ ಬಗ್ಗೆ ಒಳ್ಳೆಯ ಅಭಿಪ್ರಾಯ ತಾಳಿ, "ಚೇಳು ಹಾಕು. ಮುಟ್ಟಿದವರಿಗಿ ಅಂಜಿಕಿ ಬರ್ಬೇಕು," ಎಂದ.

ನನಗೆ ವಾದ ಬರುತ್ತದೆ, ಚಿತ್ರ ಬರುವುದಿಲ್ಲ.

ಚಾಚಾ ಖಿಡಕಿಯಿಂದ ಕತ್ತು ಚಾಚಿ ಮೊದಲ ಪಾನಾವನ್ನು ಬೆಳಕಿಗೆ ಹಿಡಿದು ನೋಡಿದರು. "ಬದನಿಕಾಯಿ ಭಾಳ ಚಂದ ಬಂದದ ಬೇಟಾ."

"ಚೇಳು ಅದು," ಎಂದ ಮಾಮಾ.

"ಬಾಲ ಎಲ್ಲದ?"

"ಇಲ್ಲೇ ಅದ ನೋಡು, ಮ್ಯಾಲ."

"ನಾ ತೊಟ್ಟು ಅಂತ ತಿಳ್ಕೊಂಡಿದ್ದೆ."

ಮುಂದಿನ ಎರಡು ದಿನ ನನ್ನ ತಲೆ ನೆಟ್ಟಗಿರಲಿಲ್ಲ. ಉಗುರುಬಣ್ಣ ಮುಗಿದು ಮತ್ತೆ ತಂದೆ. ಬಳೆ ಅಂಗಡಿಯವಳು ಲಗ್ನ ಯಾವಾಗ ಎಂದು ಕೇಳಿದಳು. ಸುತ್ತಿಗೆ, ಛೇಣಿ, ಪಕ್ಕಡ್, ಜಾಕಿನ ಹಿಡಿ, ಯಾವುದನ್ನೂ ಬಿಡಲಿಲ್ಲ. ಬಿಡುವಿಲ್ಲದ ಉತ್ಸಾಹದಲ್ಲಿ ಮಾಮನ ಬುತ್ತಿ ಡಬ್ಬಿಗೂ ಹಾಕಿದೆ, ಮನೆಗೆ ಹೋಗಿ ಮಾಮನ ಹೆಂಡತಿ, ನನ್ನ ಅತ್ತಿ, ಭಜಿ ಕರಿಯುವ ಝಾರಿಗೂ ಹಾಕಿದೆ. ಅತ್ತಿ ಆ ಝಾರಿಯನ್ನು ನನ್ನ ಬೆನ್ನಿಗೆ ತೋರಿಸಿ, "ಇದರ ನಿಶಾನಿ ನಿನ್ನ ಮ್ಯಾಲ ಮೂಡಸ್ಲೇನು?" ಎಂದಳು. ಪ್ರತಿ ಸಾಮಾನು ಎತ್ತಿಕೊಳ್ಳುವ ಮೊದಲು ನಾನು ನಿಯಮದಂತೆ ಕೇಳುತ್ತಿದ್ದೆ: "ಇದು ನಿಂದೇನು ಮಾಮಾ?" ಅವನು ತಲೆ ಎತ್ತದೆ ಹೇಳುತ್ತಿದ್ದ: "ನನ್ನ ಅಂಗಡ್ಯಾಗ ಅದಂದ್ರ ನಂದೇ."

ಮೂರನೆಯ ದಿನ ಚಾಚಾ ಕರೆದರು. "ನಮ್ಮವೇನು ಪಾಪ ಮಾಡ್ಯಾವ? ನಮ್ಮ ಸಾಮಾನಿಗೂ ಒಂದು ನಿಶಾನಿ ಹಾಕು. ಬದನಿಕಾಯಿ ಬ್ಯಾಡ, ಅದು ನಿಮ್ಮ ಮಾಮಾನ ಖಾಂದಾನಿ. ನಮಗ ಚಹಾದ ಕೆಟಲಿ ಹಾಕು." ಕೆಟಲಿ ನನ್ನ ಕೈಗೆ ಸುಲಭವಾಗಿ ಬಂತು. ಅವರೇ ಒಂದೊಂದನ್ನು ಒರೆಸಿ ಮುಂದಿಡುತ್ತಿದ್ದರು. ನಡುವೆ ಒಂದು ದೊಡ್ಡ ರಿಂಗ್ ಪಾನಾ ಬಂತು. ಅದನ್ನು ಮಾತ್ರ ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. "ಇದಕ್ಕ ಜರಾ ದೊಡ್ಡದು ಹಾಕು ಬೇಟಾ." ಹಾಕಿದೆ. ನನ್ನ ಕಣ್ಣಿಗೆ ಕರಿ ಪಾನಾಗಳೆಲ್ಲ ಅಣ್ಣತಮ್ಮಂದಿರು.

ಅದಾಗಿ ಸ್ವಲ್ಪ ದಿನಕ್ಕೆ ರಾವೂರಿನಿಂದ ಮಷೀನು ಬಂತು. ಅದರ ನಟ್ಟಿಗೆ ಹತ್ತುವುದು ಒಂದೇ ಪಾನಾ, ಉಸ್ತಾದರು ಕೆಲಸ ಬಿಡುವಾಗ ಮಾಮನ ಕೈಗೆ ಕೊಟ್ಟದ್ದು. ಮಾಮಾ ಅದನ್ನು ಹುಡುಕಿದ. ಬದನೆಕಾಯಿಗಳ ರಾಶಿಯನ್ನು ತಿರುವಿಹಾಕಿದ. ಇರಲಿಲ್ಲ. ಖಿಡಕಿಗೆ ಹೋಗಿ ಕೇಳಿದ.

"ಬದನಿಕಾಯಿ ಇರೋ ದೊಡ್ಡ ಪಾನಾ ನನ್ನ ಬಲ್ಲಿ ಇಲ್ಲಪ್ಪ," ಎಂದರು ಚಾಚಾ.

ಆ ಉತ್ತರವನ್ನು ನಾನು ಈಗಲೂ ಮೆಚ್ಚುತ್ತೇನೆ. ಯಾವ ತೀರ್ಪುಗಾರರೂ ಅದರಲ್ಲಿ ಸುಳ್ಳು ಹುಡುಕಲಾರರು.

ಮಾಮಾ ಮೆಚ್ಚಲಿಲ್ಲ. ಪಾಲಿಶ್ ಕಾರ್ಖಾನೆಯಿಂದ ನೆಲಕ್ಕೆ ಹಾಸುವ ಉದ್ದನೆಯ ಒಂದು ಫರಸಿ ಕಲ್ಲು ತರಿಸಿ ಗೋಡೆಗೆ ಒರಗಿಸಿದ. "ದಸರಾ ಖಂಡೆ ಪೂಜಿ ತನಕ ನೋಡ್ತೀನಿ. ಅವತ್ತು ಎಲ್ಲರ ಸಾಮಾನು ಅವರವರ ಮನಿಗಿ ಬರ್ಬೇಕು. ಉಸ್ತಾದರ ಪಾನಾ ಬರ್ಲಿಲ್ಲಂದ್ರ ಈ ಖಿಡಕಿ ಬಂದ್." ಅಂದಿನಿಂದ ಬುತ್ತಿಯನ್ನು ಬಾಗಿಲ ಕಡೆ ಮುಖ ಮಾಡಿ ತಿಂದ. ಚಹಾ ಖಿಡಕಿಯಲ್ಲಿ ಬಂದು ಆರಿ ಕೆನೆಗಟ್ಟುತ್ತಿತ್ತು. ಅವನು ನೋಡದಿದ್ದಾಗ ನಾನೇ ಕುಡಿದೆ. ನೋಡಿದಾಗ ಅವನು ಗಡಿಗೆಯ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದ. ಖಿಡಕಿ ಮುಚ್ಚಿದರೆ ಮೊದಲು ಸಾಯುವವನು ಇವನೇ ಎಂದು ನನಗೆ ಅನ್ನಿಸಿತು. ಹೇಳೋಣವೆಂದರೆ ಅತ್ತಿಯ ಝಾರಿ ನೆನಪಿಗೆ ಬರುತ್ತಿತ್ತು.

ನಮ್ಮ ಕಡೆ ಖಂಡೆ ಪೂಜೆ ಎನ್ನುವ ಆಯುಧಪೂಜೆಗೆ ಕೊಟ್ಟು ತಂದ ಸಾಮಾನೆಲ್ಲ ಊರು ಸುತ್ತಿ ಮನೆಗೆ ಮರಳುತ್ತವೆ. ಬೆಳಿಗ್ಗೆ ಕೊಡ್ಲಿಯಿಂದ ಒಬ್ಬ ರೈತ ನಮ್ಮ ಪಕ್ಕಡ್ ಹಿಡಿದು ಬಂದ. "ಬದನಿಕಾಯಿ ಅಂಗಡಿ ಇದೇ ಏನ್ರಿ?" ಮಾಮಾ ಇಸಿದುಕೊಂಡ. ಆಮೇಲೆ ಖಿಡಕಿಯಲ್ಲಿ ವಿನಿಮಯ ಶುರುವಾಯಿತು. ಆ ಕಡೆಯಿಂದ ಬದನೆಕಾಯಿ, ಈ ಕಡೆಯಿಂದ ಕೆಟಲಿ.

"ಏ, ಈ ಸುತ್ತಿಗಿ ನಿಂದಲ್ಲೇನು? ಹಿಡಿಗಿ ನಿನ್ನ ತಂತಿ ಸುತ್ತೇದ," ಎಂದ ಮಾಮಾ.

"ನಿಶಾನಿ ನೋಡಪ್ಪ. ಬದನಿಕಾಯಿ ಅದ. ನಿಂದೇ."

"ಈ ಛೇಣಿ?"

"ಬದನಿಕಾಯಿ."

ಮಾಮಾ ನಿಧಾನವಾಗಿ ನನ್ನ ಕಡೆ ತಿರುಗಿದ. ನನಗೂ ಅದೇ ಕ್ಷಣಕ್ಕೆ ಹೊಳೆಯಿತು. ನಾನು ಗುರುತು ಹಾಕಿದ ದಿನ ಇವನ ಅರ್ಧ ಸಾಮಾನು ಅಲ್ಲಿದ್ದವು, ಅವರ ಅರ್ಧ ಇಲ್ಲಿ. ಇಷ್ಟು ವರ್ಷಗಳ ಅದಲುಬದಲನ್ನು ಹಿಡಿದು ನಾನು ಉಕ್ಕಿನೊಳಗೆ ಕಾಯಂ ಮಾಡಿದ್ದೆ. ನಗು ಹೊಟ್ಟೆಯಿಂದ ಎದ್ದು ಬಂತು, ತಡೆಯಲು ದುಪಟ್ಟಾ ಕಚ್ಚಿದೆ.

ಕೊನೆಗೆ ಚಾಚಾ ಆ ದೊಡ್ಡ ರಿಂಗ್ ಪಾನಾವನ್ನು ಖಿಡಕಿಯ ಅಂಚಿನಲ್ಲಿಟ್ಟರು. ನಡುವೆ ದಪ್ಪ ಕೆಟಲಿ.

"ಉಸ್ತಾದರದು," ಎಂದ ಮಾಮಾ. "ಕೊಡಿಲ್ಲಿ."

"ಕೆಟಲಿ ಅದ ನೋಡು."

ನಾನು ಎದ್ದು ನಿಂತೆ. "ಗುರುತು ತೋರಸೋದು ಯಾರ ಸಾಮಾನು ಅಂತಲ್ಲ, ಗುರುತು ಹಾಕಿದ ದಿನ ಎಲ್ಲಿತ್ತು ಅಂತ ಅಷ್ಟೇ."

"ಹಂಗಾದ್ರ ಹಾಕಿದ್ಯಾಕ?" ಎಂದ ಮಾಮಾ.

ಚರ್ಚೆಯಲ್ಲಿ ಇಂಥ ಪ್ರಶ್ನೆಗೆ ಗಂಟೆ ಬಾರಿಸಿ ಉಳಿಸುವವರಿರುತ್ತಾರೆ. ಮಾಮನ ಅಂಗಡಿಯಲ್ಲಿ ಗಂಟೆಯಿರಲಿಲ್ಲ.

"ಗ್ರೈಂಡರ್ ಹಚ್ಚಿ ಅಳಸು," ಎಂದರು ಚಾಚಾ.

"ಉಸ್ತಾದರ ಪಾನಾಕ್ಕ ಗ್ರೈಂಡರ್ ಹಚ್ಲೇನು? ಅದೂ ಇವತ್ತ?"

"ಹಂಗಾದ್ರ ಖಿಡಕಿಗಿ ಫರಸಿ ಹಚ್ಚು."

ಮಾಮಾ ಆ ಕಲ್ಲನ್ನು ಎತ್ತಿ ಅಳತೆ ಹಿಡಿದ. ಖಿಡಕಿಗಿಂತ ಉದ್ದ. ತೂತಿನೊಳಗೆ ಕೂಡಿಸಬೇಕಾದರೆ ಕೊಯ್ಯಬೇಕು. ಖಂಡೆ ಪೂಜೆಯ ದಿನ ಮಷೀನು ಮುಟ್ಟುವಂತಿಲ್ಲ. ಕಲ್ಲನ್ನು ಎದೆಗವಚಿಕೊಂಡು ಅವನು ಬಾಗಿಲ ಕಡೆ ಒಮ್ಮೆ, ಖಿಡಕಿಯ ಕಡೆ ಒಮ್ಮೆ ತಿರುಗಿದ. ಆಮೇಲೆ, "ಭಾಳ ವಜ್ಜಿ ಅದ, ಹಿಡೀಯಪ್ಪ ಆ ಕಡಿ," ಎಂದ. ಚಾಚಾ ಹಿಡಿದರು. ಕಲ್ಲು ಖಿಡಕಿಯ ಅಂಚಿನ ಮೇಲೆ ಅಡ್ಡ ಮಲಗಿತು, ಅರ್ಧ ಈ ಅಂಗಡಿಗೆ, ಅರ್ಧ ಆ ಅಂಗಡಿಗೆ ಚಾಚಿಕೊಂಡು. ಪಾನಾ ಅದರ ನಡುವೆ ಕೂತಿತು. ಮಾಮಾ ಬಾಗಿ ಅದಕ್ಕೆ ಕುಂಕುಮ ಹಚ್ಚಿದ, ಕೆಟಲಿಗೆ ತಾಗದ ಹಾಗೆ. ಚಾಚಾ ಅದರ ಪಕ್ಕ ಚಹಾ ಇಟ್ಟರು. ಮಾಮಾ ಕೆನೆಗಟ್ಟಲು ಬಿಡಲಿಲ್ಲ.

ಮರುದಿನ ಇಬ್ಬರೂ ನನ್ನಿಂದ ಪಾನಾದ ಇನ್ನೊಂದು ಮಗ್ಗುಲಿಗೆ ಬದನೆಕಾಯಿ ಹಾಕಿಸಿಕೊಂಡರು. ಅದು ಈಗ ಆ ಕಲ್ಲಿನ ಮೇಲೇ ಇರುತ್ತದೆ. ಬೇಕಾದಾಗ ಮಾಮಾ ಖಿಡಕಿಗೆ ಹೋಗಲೇಬೇಕು, ಹೋದರೆ ಅರ್ಧ ಗಂಟೆ ಬರುವುದಿಲ್ಲ. ನನಗೆ ಮಾತ್ರ ಚಾಚಾ ಹೆಗಲಿನ ವಸ್ತ್ರದಿಂದ ಒರೆಸಿದ್ದು, "ಜರಾ ದೊಡ್ಡದು" ಎಂದದ್ದು ತಲೆಯಿಂದ ಹೋಗುತ್ತಿಲ್ಲ. ಮೊನ್ನೆ ಮಾಮಾ ಸೇಡಂಗೆ ಹೋಗಿದ್ದಾಗ ಅವರು ಚಹಾ ಸುರಿಯುತ್ತಿದ್ದರು. ನಾನು ಖಿಡಕಿಗೆ ಮೊಣಕೈ ಊರಿ ಕೇಳಿದೆ:

"ಚಾಚಾ, ಅದು ಉಸ್ತಾದರ ಪಾನಾ ಅಂತ ಗೊತ್ತಿದ್ದೇ ನನ್ನ ಮುಂದ ಇಟ್ಟಿದ್ರೇನ್ರಿ?"

"ಉಸ್ತಾದರು ನನಗೂ ಉಸ್ತಾದರೇ ಅಲ್ಲೇನು ಬೇಟಾ?" ಎಂದು ಚಾಚಾ ಚಹಾದ ಲೋಟವನ್ನು ನನ್ನ ಕಡೆ ಸರಿಸಿದರು.